ಹಾಲು ಹಾಕದ ಸೂಪು

ದಸರಾ ರಜೆಗೆ ಮಗಳು ಬರುತ್ತಾಳೆಂದರೆ ಮೈಸೂರಿನ ಆ ಮನೆಯಲ್ಲಿ ಎರಡು ದಿನ ಮೊದಲೇ ಹಾಲಿನವನಿಗೆ ಹೇಳಿಯಾಗುತ್ತದೆ. ದಿನಕ್ಕೆ ಒಂದು ಲೀಟರು ಸಾಲದು, ಎರಡು ಬೇಕು. ಮಗಳಿಗೆ ಗಟ್ಟಿ ಮೊಸರು ಇಷ್ಟ, ಮನೆಯಲ್ಲೇ ಕಾಯಿಸಿದ ತುಪ್ಪ ಇಷ್ಟ, ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮ ಮಾಡುವ ಕೆನೆಭರಿತ ತರಕಾರಿ ಸೂಪು ಇಷ್ಟ. ಬೆಂಗಳೂರಿನ ಹಾಸ್ಟೆಲಿನ ತಿಳಿಸಾರು ಉಂಡು ಬಂದವಳಿಗೆ ಇಷ್ಟಾದರೂ ಮಾಡಿ ಬಡಿಸದಿದ್ದರೆ ಹೆತ್ತ ಮನಸ್ಸು ಕೇಳುವುದುಂಟೇ?

ಈ ಸಲವೂ ಮಗಳು ಬಂದಳು. ಚೀಲ ಇಳಿಸಿ, ಕೈಕಾಲು ತೊಳೆದು ಊಟಕ್ಕೆ ಕುಳಿತವಳು ತಟ್ಟೆಗೆ ಕೈ ಅಡ್ಡ ಹಿಡಿದು, "ಅಮ್ಮಾ, ತುಪ್ಪ ಬೇಡ. ಮೊಸರೂ ಬೇಡ. ನಾನು ಹಾಲಿನ ಪದಾರ್ಥ ಬಿಟ್ಟಿದ್ದೀನಿ" ಎಂದಳು.

"ಯಾಕೆ ಪುಟ್ಟಿ, ಹೊಟ್ಟೆ ಸರಿಯಿಲ್ವಾ?"

"ಹೊಟ್ಟೆ ಸರಿಯಾಗೇ ಇದೆ. ನಾನೀಗ ವೀಗನ್."

ತುಪ್ಪದ ಮಿಳ್ಳೆ ಹಿಡಿದ ತಾಯಿಯ ಕೈ ಅಲ್ಲೇ ನಿಂತಿತು.

ವೀಗನ್ ಎಂಬುದು ತೀರಾ ಹೊಸ ಮಾತೇನಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಹಾಲು ಮೊಟ್ಟೆಗಳನ್ನೂ ಬಿಟ್ಟ ಸಸ್ಯಾಹಾರಿಗಳಿಗಾಗಿ ಒಂದು ಸಂಘ ಕಟ್ಟಿದಾಗ, 'ವೆಜಿಟೇರಿಯನ್' ಎಂಬ ಇಂಗ್ಲಿಷ್ ಪದದ ತಲೆ ಬಾಲ ಜೋಡಿಸಿ ಈ ಹೆಸರು ಮಾಡಿಕೊಂಡರು. ಆದರೆ ಮೊಸರನ್ನದಲ್ಲಿ ಊಟ ಮುಗಿಯದಿದ್ದರೆ ಊಟವೇ ಮುಗಿದಂತಲ್ಲ ಎನ್ನುವ ಮನೆಯಲ್ಲಿ ಈ ಚರಿತ್ರೆ ಯಾರಿಗೆ ಬೇಕು?

ಮಗಳು ತನ್ನ ಕಾರಣ ಹೇಳಿದಳು. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹೊಲಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಆ ಗಂಡುಕರುಗಳು ಯಾರಿಗೆ ಬೇಕು?

"ನಮ್ಮ ತವರಲ್ಲಿ ಕರು ಕುಡಿದ ಮೇಲೇ ಹಾಲು ಕರೀತಿದ್ದದ್ದು" ಎಂದರು ತಾಯಿ.

"ಆ ಕೊಟ್ಟಿಗೆ ಈಗೆಲ್ಲಿದೆಯಮ್ಮಾ?"

ತಾಯಿ ಉತ್ತರ ಕೊಡಲಿಲ್ಲ. ಕೊಟ್ಟಿಗೆ ಮಾರಿ ವರ್ಷಗಳೇ ಆಗಿದ್ದವು.

ಮುಂದಿನ ಮೂರು ದಿನ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಜಾಸ್ತಿ. ಮಗಳು ಸಾರನ್ನ ಉಂಡು, ಮೊಸರು ಬರುವ ಮೊದಲೇ ಎದ್ದುಹೋಗುವಳು. ತಂದೆ ಇಬ್ಬರ ಮುಖವನ್ನೂ ನೋಡಿ ಪತ್ರಿಕೆಯ ಹಿಂದೆ ಸೇರಿಕೊಳ್ಳುವರು. ತಾಯಿಗೆ ನೋವಾದದ್ದು ತುಪ್ಪ ಬೇಡವೆಂದುದಕ್ಕಲ್ಲ, ಸೂಪಿನ ಮಾತಿಗೆ. ಮಗಳು ಏಳನೆಯ ತರಗತಿಯಲ್ಲಿದ್ದಾಗ ವಿಷಮಶೀತ ಜ್ವರ ಬಂದು ಏನೂ ಸೇರದೆ ಸೊರಗಿಹೋಗಿದ್ದಳು. ಆಗ ತಾಯಿ ತಮ್ಮ ಹಳೆಯ ಕಡತದಿಂದ ಒಂದು ಪತ್ರಿಕೆಯ ತುಣುಕು ಹುಡುಕಿ ತೆಗೆದರು. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಬೆರೆಸಿ, ತರಕಾರಿಯ ರಸ ಸೇರಿಸಿ, ಮೇಲೆ ಒಂದು ಚಮಚ ಕೆನೆ. ಜ್ವರ ಬಿಟ್ಟ ಮಗು ಕಣ್ಣರಳಿಸಿ ಕುಡಿದದ್ದು ಆ ಸೂಪನ್ನು. ಈಗ ಅದೂ ಬೇಡವಂತೆ.

ನಾಲ್ಕನೆಯ ಸಂಜೆ ಮಳೆ ಹಿಡಿದಿತ್ತು. ಮಗಳೇ ಅಡುಗೆಮನೆಗೆ ಹೋದಳು. ಸಿಹಿಗುಂಬಳ, ನಾಲ್ಕು ಆಲೂಗಡ್ಡೆ, ಈರುಳ್ಳಿ ಎಲ್ಲವನ್ನೂ ಬೇಯಿಸಿ, ಕೊತಕೊತನೆ ಕುದಿಯುತ್ತಿದ್ದುದನ್ನು ಹಾಗೆಯೇ ಮಿಕ್ಸಿಯ ಜಾರಿಗೆ ತುಂಬಿ ಗುಂಡಿ ತಿರುಗಿಸಿದಳು. ಬಿಸಿ ಹಬೆಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಮುಚ್ಚಳವನ್ನೇ ತಳ್ಳುತ್ತದೆ. ಡಬ್ ಎಂದು ಮುಚ್ಚಳ ಹಾರಿತು; ಗೋಡೆ, ಗಡಿಯಾರ, ಕ್ಯಾಲೆಂಡರು ಎಲ್ಲ ಕಿತ್ತಳೆ ಬಣ್ಣ!

ಓಡಿಬಂದ ತಾಯಿ ಗೋಡೆಯ ಕಡೆ ನೋಡಲಿಲ್ಲ. "ಕೈ ಸುಟ್ಟಿತೇನೇ? ಇಲ್ಲಿ ತೋರಿಸು" ಎಂದು ನಲ್ಲಿಯ ಕೆಳಗೆ ಮಗಳ ಕೈ ಹಿಡಿದರು. ಅದೃಷ್ಟಕ್ಕೆ ತೋಳಿನ ಮೇಲೆ ಒಂದಿಷ್ಟು ಕೆಂಪಾಗಿತ್ತು, ಅಷ್ಟೇ. ಜಾರಿನಲ್ಲಿ ಉಳಿದದ್ದನ್ನು ರುಚಿ ನೋಡಿದರೆ ಸೂಪಲ್ಲ, ಅಂಟು. ಆಲೂಗಡ್ಡೆ ಹೆಚ್ಚಾಗಿ, ಮಿಕ್ಸಿಯೂ ಹೆಚ್ಚು ತಿರುಗಿದರೆ ಅದರೊಳಗಿನ ಪಿಷ್ಟವೆಲ್ಲ ಬಿಟ್ಟುಕೊಂಡು ಗೋಂದಿನಂತಾಗುತ್ತದೆ.

ಗದ್ದಲಕ್ಕೆ ಅಜ್ಜಿಯೂ ಎದ್ದು ಬಂದರು. ಗೋಡೆ ನೋಡಿದರು, ಮೊಮ್ಮಗಳನ್ನು ನೋಡಿದರು, ಕೊನೆಗೆ ಸೊಸೆಯತ್ತ ತಿರುಗಿ, "ಅವಳು ಹಾಲು ಬೇಡ ಅಂದ್ಲು ಕಣೇ, ನಿನ್ನ ಕೈ ಅಡುಗೆ ಬೇಡ ಅಂದ್ಲಾ? ಗಸಗಸೆ ಪಾಯಸ ನೀನು ಹೇಗೆ ಮಾಡ್ತೀಯ?" ಎಂದರು.

"ಗಸಗಸೆ, ಅಕ್ಕಿ ಹುರಿದು, ಕಾಯಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ..." ಎನ್ನುತ್ತಿದ್ದ ತಾಯಿ ತಟ್ಟನೆ ನಿಂತರು. ಹಾಲು ಹಾಕದೆಯೂ ಆ ಪಾಯಸ ಗಟ್ಟಿಯಾಗಿ, ನಯವಾಗಿ ಬರುತ್ತದಲ್ಲ!

ಗುಟ್ಟಿರುವುದು ಅಲ್ಲೇ. ನಾಲಿಗೆಗೆ ಕೆನೆಯೆನಿಸುವುದಕ್ಕೆ ಎರಡು ಬೇಕು: ನೀರನ್ನು ಹಿಡಿದಿಡುವ ಪಿಷ್ಟ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹರಡಿಕೊಂಡ ಕೊಬ್ಬು. ಹಳೆಯ ಸೂಪಿನಲ್ಲಿ ಮೈದಾ ಮೊದಲನೆಯದನ್ನು, ಹಾಲು ಬೆಣ್ಣೆ ಎರಡನೆಯದನ್ನು ಕೊಡುತ್ತಿದ್ದವು. ಪಾಯಸದಲ್ಲಿ ಅದೇ ಕೆಲಸ ಅಕ್ಕಿ ಮತ್ತು ತೆಂಗಿನಕಾಯಿಯದು.

ಮರುದಿನ ದೇವರಾಜ ಮಾರುಕಟ್ಟೆಯಿಂದ ಹೊಸದಾಗಿ ಕುಂಬಳಕಾಯಿ ಬಂತು. ನಾಲ್ಕು ಜನಕ್ಕೆ ಸಿಪ್ಪೆ ತೆಗೆದ ಸಿಹಿಗುಂಬಳ 300 ಗ್ರಾಂ, 2 ಕ್ಯಾರೆಟ್, 1 ಈರುಳ್ಳಿ, 4 ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಅರ್ಧ ಗಂಟೆ ನೆನೆಸಿದ 1 ದೊಡ್ಡ ಚಮಚ ಅಕ್ಕಿ. ಅರ್ಧ ಹೋಳು ತೆಂಗಿನಕಾಯಿ ತುರಿದು, ಅರ್ಧ ಲೋಟ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ದಪ್ಪ ಹಾಲು ತೆಗೆದಿಟ್ಟರು. ಅದೇ ಕಾಯಿಗೆ ಮತ್ತೆ ನೀರು ಹಾಕಿ ಹಿಂಡಿದ ತೆಳು ಹಾಲು ಬೇರೆ.

ಎರಡು ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ತರಕಾರಿ ಮತ್ತು ಅಕ್ಕಿ ಹಾಕಿ, ತೆಳು ಹಾಲಿಗೆ ನೀರು ಕೂಡಿಸಿ ಮೂರು ಲೋಟ ಮಾಡಿ ಸುರಿದರು. ಕುಕ್ಕರ್ ಮೂರು ಸಲ ಕೂಗಿದ ಮೇಲೆ ಇಳಿಸಿ, ಈ ಸಲ ಪೂರ್ತಿ ಆರಲು ಬಿಟ್ಟು, ಜಾರನ್ನು ಅರ್ಧ ಮಾತ್ರ ತುಂಬಿಸಿ ನುಣ್ಣಗೆ ರುಬ್ಬಿದರು. ಮತ್ತೆ ಒಲೆಗೇರಿಸಿ, ಉಪ್ಪು ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿದರು.

"ದಪ್ಪ ಹಾಲು ಹಾಕಿದ ಮೇಲೆ ಕುದಿಸಬೇಡ, ಒಡೆದೀತು" ಎಂದು ಅಜ್ಜಿ ಕುಳಿತಲ್ಲಿಂದಲೇ ಎಚ್ಚರಿಸಿದರು. ಕಾಯಿಹಾಲು ಬೆರೆಸಿ, ಬಿಸಿಯಾದೊಡನೆ ಇಳಿಸಿ, ಕಾಳುಮೆಣಸಿನ ಪುಡಿ ಉದುರಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿದ್ದಾಯಿತು. ತೆಂಗಿನಕಾಯಿ ಸೇರದವರು ಬಿಸಿನೀರಿನಲ್ಲಿ ನೆನೆಸಿದ ಹತ್ತು ಹನ್ನೆರಡು ಗೋಡಂಬಿಯನ್ನು ತರಕಾರಿಯೊಂದಿಗೇ ರುಬ್ಬಬಹುದು.

ತಾಯಿ ಮೊದಲು ಒಂದು ಚಮಚ ಕುಡಿದು ಸುಮ್ಮನಾದರು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. "ಹಳೇ ರುಚಿ ಅಲ್ಲ" ಎಂದರು. ಇನ್ನೊಂದು ಚಮಚ ಕುಡಿದು, "ಆದರೆ ಚೆನ್ನಾಗಿದೆ" ಎಂದರು. ತಂದೆ ಎರಡನೆಯ ಬಟ್ಟಲು ಕೇಳಿದರು. ಅಜ್ಜಿ ಮಾತ್ರ, "ನನ್ನ ಕಾಫಿಗೆ ಹಸುವಿನ ಹಾಲೇ ಆಗಬೇಕಪ್ಪಾ" ಎಂದು ಮೊದಲೇ ಹೇಳಿಬಿಟ್ಟರು.

ಅಷ್ಟಕ್ಕೇ ತಾಯಿ ಮಗಳನ್ನು ಬಿಡಲಿಲ್ಲ. ಸೂಪು ಹಾಲಿನಂತೆ ಕಂಡ ಮಾತ್ರಕ್ಕೆ ಹಾಲಿನ ಸತ್ವವೆಲ್ಲ ಅದರಲ್ಲಿರುವುದಿಲ್ಲವಲ್ಲ. "ಮೂಳೆಗೆ ಏನು ಗತಿ?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಮಗಳು ಲೆಕ್ಕ ಹೇಳಿದಳು: 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು, ಎಳ್ಳಿನಲ್ಲಿಯೂ ಧಾರಾಳ. ಪ್ರೋಟೀನಿಗೆ ಬೇಳೆಕಾಳುಗಳಿವೆ. ಆದರೆ ಬಿ-12 ಜೀವಸತ್ವಕ್ಕೆ ಸಸ್ಯಾಹಾರವನ್ನು ನಂಬುವಂತಿಲ್ಲ. ಅದಕ್ಕೆ ವೀಗನ್ನರು ಮಾತ್ರೆಯನ್ನೋ ಆ ಜೀವಸತ್ವ ಬೆರೆಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಲೇಬೇಕು. ಹಾಸ್ಟೆಲಿಗೆ ಮರಳುವ ಮುನ್ನ ವೈದ್ಯರ ಬಳಿ ಹೋಗಬೇಕು, ರಾಗಿಹಿಟ್ಟು ಒಯ್ಯಬೇಕು ಎಂದು ತಾಯಿ ಷರತ್ತು ಹಾಕಿದರು. ಮಗಳು ತಲೆಯಾಡಿಸಿದಳು.

ಆ ರಾತ್ರಿ ಎಲ್ಲರೂ ಒಟ್ಟಿಗೇ ಊಟಕ್ಕೆ ಕುಳಿತರು. ಉಳಿದವರು ಮೊಸರನ್ನ ಉಣ್ಣುವವರೆಗೂ ಮಗಳು ಏಳಲಿಲ್ಲ. ಊಟವಾದ ಮೇಲೆ ತಾಯಿ ಹಳೆಯ ಕಡತ ತೆರೆದು, ಹಳದಿಗಟ್ಟಿದ ಆ ತುಣುಕಿನ ಅಂಚಿನಲ್ಲಿ ಪೆನ್ನಿನಿಂದ ಬರೆದರು: 'ಮೈದಾ ಬದಲು ಅಕ್ಕಿ. ಹಾಲಿನ ಬದಲು ಕಾಯಿಹಾಲು, ಕುದಿಸಬಾರದು. ಆರಿದ ಮೇಲೆ ಮಿಕ್ಸಿ.'

ಬೆಳಿಗ್ಗೆ ಹಾಲಿನವನು ಬಂದಾಗ, "ಇನ್ನು ಒಂದೇ ಲೀಟರು ಸಾಕಪ್ಪಾ" ಎಂದು ಪಾತ್ರೆ ಒಡ್ಡಿದರು.