ಮತ್ಸ್ಯವಿನೋದ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ಭಾಗ್ಯನಗರದ ಸೀಮೆಯನ್ನೂ ಆಳಿದವನು. ಆತನ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಮತ್ಸ್ಯವಿನೋದವೂ ಒಂದು. ಕಡಲಮೀನು ಹೊಳೆಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಮೇವೆಂಬುದನ್ನು ಅರಸನು ಬಾಣಸಿಗನಂತೆ ವಿವರಿಸಿರುವನು.

ಅಮೆರಿಕದ ಪಶ್ಚಿಮ ತೀರದ ಸ್ಟೀಲ್‌ಹೆಡ್ ಮೀನು ಈ ಎರಡು ಪಂಕ್ತಿಗೂ ಸಲ್ಲುವುದು. ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಚಳಿಗಾಲದಲ್ಲಿ ಮೊಟ್ಟೆಯಿಡಲು ತವರಿಗೆ ಮರಳುವುದು. ಆಗ ಅದಕ್ಕೆ ಮೇವಿನ ಚಿಂತೆ ಕಡಿಮೆ. ಆದಕಾರಣ ಅಲ್ಲಿಯ ಗಾಳಗಾರರು ಗರಿ, ತುಪ್ಪಟ, ನೂಲುಗಳನ್ನು ಕೊಕ್ಕೆಗೆ ಸುತ್ತಿ ಬಣ್ಣದ ಹುಸಿನೊಣವನ್ನು ಕಟ್ಟುವರು. ಉಣ್ಣಲೊಲ್ಲದ ಅತಿಥಿಯ ಬಾಯನ್ನು ಕೆಣಕಿಯೇ ತೆರೆಯಿಸಬೇಕಷ್ಟೆ!

ತವರಿನ ದಾರಿಯೇ ಮುಚ್ಚಿದ್ದರೆ ನೊಣ ಕಟ್ಟಿ ಫಲವೇನು? ಅಲ್ಲಿಯ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011–2014ರಲ್ಲಿ ಕೆಡವಿದ ಬಳಿಕ ಸ್ಟೀಲ್‌ಹೆಡ್ ಮೇಲ್ಹೊಳೆಗೆ ಮತ್ತೆ ಏರಿತು. ಮುನಿರಾಬಾದಿನ ಬಳಿ 1953ರಿಂದ ತುಂಗಭದ್ರೆಯನ್ನು ತಡೆದು ನಿಂತಿರುವ ಕಟ್ಟೆಯನ್ನು ಕೆಡವೆಂದು ಯಾರೂ ಅನ್ನರು. ಗಂಗಾವತಿಯ ಭತ್ತ ಆ ನೀರಿನದು. ಆದರೂ ಸುಮಾರು 49 ಮೀಟರು ಎತ್ತರದ ಆ ಗೋಡೆಯನ್ನು ಹಾರಬಲ್ಲ ಮೀನು ಯಾವ ಶಾಸ್ತ್ರದಲ್ಲಿಯೂ ಇಲ್ಲ.