ಮಾಗಿಯ ಥಂಡಿಗೆ ನಡುಗುವ ಸಸಿ

ರಾಯಚೂರು ಜಿಲ್ಲೆ ಎಂದೊಡನೆ ನೆನಪಾಗುವುದು ಉರಿಬಿಸಿಲು. ಅಲ್ಲಿಯೂ ಪೈರು ಚಳಿಗೆ ನಲುಗುತ್ತದೆ ಎಂದರೆ ನಗಬೇಡಿ. ಡಿಸೆಂಬರ್ ಕೊನೆಯಲ್ಲೊಮ್ಮೆ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸು ಹಿಡಿದು ಕಿಟಕಿಯ ಪಕ್ಕ ಕೂಡಿರಿ. ಸುಮಾರು 55 ಕಿಲೋಮೀಟರ್ ದಾರಿಯುದ್ದಕ್ಕೂ ನೋಡಲು, ಕಲಿಯಲು ಬೇಕಾದಷ್ಟಿದೆ.

ಲಿಂಗಸುಗೂರು ದಾಟಿದರೆ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ತೇವವೇ ಇವಕ್ಕೆ ಆಸರೆ. ಥಂಡಿ ಬಿದ್ದಷ್ಟೂ ಕಡಲೆಗೆ ಹುರುಪು. ಇವು ಈ ನೆಲದ ಮಾಗಿಗೆ ಒಗ್ಗಿದ ಪೈರುಗಳು. ಯಾರೂ ಹೊದಿಕೆ ಹಾಕಬೇಕಿಲ್ಲ.

ಅರ್ಧ ದಾರಿಯಲ್ಲಿ ಮಸ್ಕಿ. ಇಲ್ಲಿನ ಬಂಡೆಯ ಮೇಲೆ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಶಾಸನದಿಂದಲೇ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಅದೇ ಅಶೋಕ ಗುಜರಾತಿನ ಗಿರ್ನಾರದ ಶಾಸನದಲ್ಲಿ ಇನ್ನೊಂದು ಸಂಗತಿ ಬರೆಯಿಸಿದ್ದಾನೆ: ಔಷಧಿಯ ಗಿಡ, ಬೇರು, ಹಣ್ಣು ಎಲ್ಲೆಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾಗಿ. ತಂದು ನೆಡುವುದೇನೋ ಸರಿ. ಹೊಸ ಜಾಗದಲ್ಲಿ ಉಳಿಸಿಕೊಳ್ಳುವುದು ಹೇಗೆ? ಉತ್ತರ ಬೇಕಾದರೆ ಸಿಂಧನೂರಿನ ಗದ್ದೆಗಿಳಿಯಬೇಕು.

ಸಿಂಧನೂರು ಸಮೀಪಿಸಿದಂತೆ ನೋಟವೇ ಬದಲು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಈ ಸೀಮೆಗೆ ನೀರು ತಂದಿತು. ಯೋಜನೆಯಲ್ಲಿ ಹೆಚ್ಚಿನ ಭೂಮಿ ಇದ್ದದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಬಂದು ಬೇರೂರಿದ್ದು ನೆಲ್ಲು. ಜೋಳದ ಸೀಮೆಗೆ ಅದು ನೀರಿನ ಬೆನ್ನೇರಿ ಬಂದ ನೆಂಟ. ಮುಂಗಾರಿನಲ್ಲಿ ತೊಂದರೆಯಿಲ್ಲ. ಎರಡನೇ ಬೆಳೆಗೆ ಸಸಿ ಮಡಿ ಹಾಕುವುದು ಮಾತ್ರ ಸರಿಯಾಗಿ ಥಂಡಿಯ ಹೊತ್ತಿಗೆ.

ಇಲ್ಲಿ ಹಿಮ ಬೀಳುವುದಿಲ್ಲ ನಿಜ. ಆದರೆ ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮೂವತ್ತರ ಆಸುಪಾಸಿನಲ್ಲಿ ಹುಲುಸಾಗಿ ಬೆಳೆಯುವ ಎಳೆ ಸಸಿಗೆ ಅಷ್ಟೇ ಸಾಕು. ಬೇರು ಆಹಾರ ಹೀರದು, ಎಲೆ ಹಳದಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಇಪ್ಪತ್ತೈದು ದಿನಕ್ಕೆ ನಾಟಿಗೆ ಬರುವ ಸಸಿ ನಲವತ್ತು ದಿನ ತೆಗೆದುಕೊಳ್ಳಬಹುದು.

ಉಪಾಯಗಳು ಸರಳ. ನೆನೆಸಿದ ಬೀಜಕ್ಕೆ ಗೋಣಿಚೀಲ, ಹುಲ್ಲು ಮುಚ್ಚಿ ಬೆಚ್ಚಗೆ ಮೊಳಕೆ ಬರಿಸಬೇಕು. ಸಂಜೆ ಮಡಿಗೆ ನೀರು ಕಟ್ಟಿ, ಬೆಳಿಗ್ಗೆ ಬಸಿಯಬೇಕು. ನೀರು ಬೇಗ ಕಾಯದು, ಬೇಗ ತಣಿಯದು ಎಂದು ಶಾಲೆಯಲ್ಲಿ ಓದಿದ್ದೀರಲ್ಲ, ಅದೇ ಇಲ್ಲಿ ಸಸಿಗೆ ರಾತ್ರಿಯ ಕಂಬಳಿ. ಬೆಳಗಾಗುವ ಹೊತ್ತಿಗೆ ತಣ್ಣಗಾದ ಆ ನೀರು ಹೊರಗೆ ಹೋದರೆ ಬಿಸಿಲಿಗೆ ಮಣ್ಣು ಕಾಯುತ್ತದೆ. ಬಾಗಿಸಿದ ಬಿದಿರ ಸೀಳಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಬಹುದು. ಬಿಸಿಲೇರುವ ಮುನ್ನ ತೆಗೆಯಲು ಮರೆತರೆ ಸಸಿ ಬೆಂದೇಹೋಗುತ್ತದೆ! ಬಂಗಾಳದ ಚಳಿಗಾಲದ 'ಬೋರೋ' ಭತ್ತಕ್ಕೂ ಇಂಥದೇ ಆರೈಕೆ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳೂ ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿವೆ. ದೂರದ ಇಂಗ್ಲೆಂಡಿನಲ್ಲಿ ತೋಟದ ಹವ್ಯಾಸಿಗಳು ಜಪಾನಿ ಬಾಳೆಯ ದಿಂಡಿಗೆ ಹುಲ್ಲು ಸುತ್ತಿ, ಹಿಮದಲ್ಲೂ ಬಯಲಿನಲ್ಲೇ ಉಳಿಸಿಕೊಳ್ಳುತ್ತಾರೆ.

ಅವರಿಗೆ ಅದು ಹವ್ಯಾಸ, ಇಲ್ಲಿ ಅನ್ನ. ಡಿಸೆಂಬರಿನಲ್ಲಿ ಕಳೆದುಕೊಂಡ ಹದಿನೈದು ದಿನವನ್ನು ಏಪ್ರಿಲ್ ಬಡ್ಡಿ ಸಮೇತ ವಸೂಲು ಮಾಡುತ್ತದೆ. ತಡವಾಗಿ ನಾಟಿಯಾದ ಪೈರು ತಡವಾಗಿಯೇ ಹೂ ಬಿಡುತ್ತದೆ. ಹೂವಿನ ಹೊತ್ತಿಗೆ ಬಿಸಿಲು 35 ಡಿಗ್ರಿ ಮೀರಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಅಷ್ಟರಲ್ಲಿ ಕಾಲುವೆಯ ನೀರು ನಿಲ್ಲುವ ದಿನವೂ ಹತ್ತಿರ ಬಂದಿರುತ್ತದೆ. ಕಾಲುವೆಯ ಕೊನೆಯ ಭಾಗದ ರೈತರಿಗಂತೂ ಒಂದೊಂದು ದಿನವೂ ಲೆಕ್ಕ.

ಈ ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ಪರೀಕ್ಷೆಗೆಂದು ನಸುಕಿನಲ್ಲಿ ಎದ್ದು ಓದಲು ಕೂತಾಗ, ಅಪ್ಪ ಸಲಿಕೆ ಹಿಡಿದು ಮಡಿಯ ನೀರು ಬಿಡಲು ಹೊರಟಿರುತ್ತಾನೆ. ರಜೆಯ ಒಂದು ದಿನ ಅವನ ಜೊತೆ ಹೋಗಿ. ಸಂಜೆ ಕಟ್ಟಿದ ನೀರಿಗೂ, ಮುಂಜಾನೆ ಬಸಿಯುವ ನೀರಿಗೂ ಒಂದು ತಾಪಮಾಪಕ ಇಟ್ಟು ನೋಡಿ. ಎರಡು ಅಂಕಿಗಳ ನಡುವಿನ ಅಂತರ ಪುಸ್ತಕದಲ್ಲಿ ಬರೆದಿಡಿ. ಆ ವರ್ಷದ ಫೀಸಿನ ಕಥೆ ಶುರುವಾಗುವುದು ಅಲ್ಲಿಂದಲೇ.