ಬೆರಳ ತುದಿಯ ಅರಿಶಿನ

ಶನಿವಾರ ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಗ ಫೋನು ಬಂತು. “ನಾಳೆ ಬೆಟ್ಟ ಹತ್ತೋಣ ಬಾರೇ. ಆರು ಗಂಟೆಗೆ ಪಾದದ ಹತ್ರ. ಆತುರ ಏನಿಲ್ಲ, ಮಾತಾಡ್ಕೊಂಡು ನಿಧಾನಕ್ಕೆ ಹೋಗೋಣ.”

ಮೈಸೂರಿನವರಿಗೆ ಬೆಟ್ಟ ಅಂದರೆ ಒಂದೇ. ಚಾಮುಂಡಿ ಅಂತ ಸೇರಿಸಿ ಹೇಳುವುದು ಹೊರಗಿನವರಿಗೆ ಮಾತ್ರ. ನಾವು ನಾಲ್ವರೂ ಮಹಾರಾಣಿ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಪರೀಕ್ಷೆ ಮುಗಿದ ಮರುದಿನ ಬೆಟ್ಟ ಹತ್ತುವ ರೂಢಿ ಆಗಿನಿಂದ ಬಂದದ್ದು. ನಲವತ್ತು ನಿಮಿಷದಲ್ಲಿ ಮೇಲೆ, ದರ್ಶನ, ಆಮೇಲೆ 201ನೇ ನಂಬರಿನ ಬಸ್ಸು ಹಿಡಿದು ಇಳಿದುಬಿಟ್ಟರೆ ತಿಂಡಿ ಹೊತ್ತಿಗೆ ಮನೆ. ನಾನೂ ಹಾಗೇ ಲೆಕ್ಕ ಹಾಕಿ, ದೋಸೆ ಹಿಟ್ಟು ಹೊರಗಿಟ್ಟು ಮಲಗಿದೆ.

ಧನುರ್ಮಾಸದ ಚಳಿ. ಪಾದದ ಹತ್ತಿರ ಹೂವಿನವರು ಆಗಷ್ಟೇ ಬುಟ್ಟಿ ಬಿಚ್ಚುತ್ತಿದ್ದರು. ಮಂಜಿನಲ್ಲಿ ಹತ್ತು ಮೆಟ್ಟಿಲಿನಾಚೆ ಏನೂ ಕಾಣುತ್ತಿರಲಿಲ್ಲ. ಕರೆದವಳು, ನಮ್ಮ ಬ್ಯಾಂಕಿನ ಗೆಳತಿ, ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಬರಿಗಾಲು. ಕೈಯಲ್ಲಿ ದಪ್ಪ ಬಟ್ಟೆಯ ಚೀಲ. ತಿಂಡಿ ಕಟ್ಟಿಕೊಂಡು ಬಂದಿದ್ದಾಳೆ ಅಂದುಕೊಂಡೆವು. ಅವಳು ಮೊದಲ ಮೆಟ್ಟಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚೀಲದಿಂದ ಎರಡು ಸ್ಟೀಲ್ ಡಬ್ಬಿ ತೆಗೆದಳು. ಒಂದರಲ್ಲಿ ನೀರಲ್ಲಿ ಕಲಸಿದ ಅರಿಶಿನ, ಇನ್ನೊಂದರಲ್ಲಿ ಕುಂಕುಮ.

“ನೀವು ಹತ್ತುತಾ ಇರಿ, ನಾನು ಬರ್ತೀನಿ,” ಅಂದಳು.

ನಾವು ಯಾರೂ ಕದಲಲಿಲ್ಲ. ಮೂರನೇ ಮೆಟ್ಟಿಲಿಗೆ ಬರುವ ಹೊತ್ತಿಗೆ, ತಲೆ ಎತ್ತದೆಯೇ ಹೇಳಿದಳು. ಹಿಂದೆ ಅವಳಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದು ನಮಗೆ ಗೊತ್ತಿತ್ತು. ಪ್ಲೇಟ್‌ಲೆಟ್ ಇಳಿಯುತ್ತಲೇ ಇದ್ದ ಆ ರಾತ್ರಿ ಅವಳಮ್ಮ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು, ಕತ್ತಲಲ್ಲಿ ಹೊಳೆಯುವ ಬೆಟ್ಟದ ದೀಪದ ಸಾಲಿಗೆ ಕೈಮುಗಿದು, ಮಗಳು ಎದ್ದು ಕೂತರೆ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತೇನೆ ಅಂದುಕೊಂಡದ್ದು ಮಾತ್ರ ಗೊತ್ತಿರಲಿಲ್ಲ. ಮಗಳು ಎದ್ದಳು. ಅಮ್ಮನ ಮಂಡಿ ಬಾಗುತ್ತಿರಲಿಲ್ಲ. ಮಳೆ ನಿಲ್ಲಲಿ, ಬಿಸಿಲು ಇಳಿಯಲಿ ಅಂತ ದಿನ ಮುಂದೆ ಹೋಗಿ, ಮರುವರ್ಷ ಶ್ರಾವಣದಲ್ಲಿ ಅವರೇ ಹೋಗಿಬಿಟ್ಟರು. ವರ್ಷಾಬ್ದಿಕ ಆಗುವತನಕ ಇವಳು ಕಾದಿದ್ದಾಳೆ. ಅಮ್ಮನ ಹರಕೆಯನ್ನು ಮಗಳು ತೀರಿಸಬಹುದಾ ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದಳಂತೆ. “ಅಪ್ಪ ಅಮ್ಮನ ಸಾಲ ಮಕ್ಕಳು ತೀರಿಸಲ್ವೇನೇ?” ಅಂದರಂತೆ ಆ ಅಜ್ಜಿ.

“ಮಂಗಳವಾರ ಇಲ್ಲಾ ಶುಕ್ರವಾರ ಮಾಡ್ಬೇಕಿತ್ತು. ಬ್ಯಾಂಕಲ್ಲಿ ರಜ ಸಿಗೋದು ಭಾನುವಾರಾನೇ ಅಲ್ವಾ,” ಅಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ನಾನು ಚಪ್ಪಲಿ ಬಿಟ್ಟು ಅರಿಶಿನದ ಡಬ್ಬಿ ತೆಗೆದುಕೊಂಡೆ.

ನಮ್ಮಲ್ಲಿ ಒಬ್ಬಳು ಭೂಗರ್ಭಶಾಸ್ತ್ರದ ಉಪನ್ಯಾಸಕಿ. ಅವಳಿಗೆ ಈ ಮೆಟ್ಟಿಲುಗಳ ಮೇಲೆ ಬೇರೆಯದೇ ಪ್ರೀತಿ. ಮೆಟ್ಟಿಲ ನಡುವೆ ಹಚ್ಚಿದರೆ ಹಿಂದೆ ಬರುವವರು ಜಾರುತ್ತಾರೆ, ಎದುರು ಮುಖಕ್ಕೆ, ಒಂದೇ ಒಂದು ಬೊಟ್ಟು ಸಾಕು ಅಂದಳು. ಒಪ್ಪಿಕೊಂಡೆವು. ಆಷಾಢದ ಶುಕ್ರವಾರಗಳಲ್ಲಿ ಇಲ್ಲಿ ಕುಂಕುಮದ ಪ್ಲಾಸ್ಟಿಕ್ ಪೊಟ್ಟಣಗಳು, ಕರ್ಪೂರದ ಕವರುಗಳು ಪೊದೆಗಳೊಳಗೆ ರಾಶಿ ಬೀಳುವುದನ್ನು ಕಂಡಾಗೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದೇವಿಗೆ ಕೊಟ್ಟದ್ದರ ಸಿಪ್ಪೆಯನ್ನು ಅವಳ ಮನೆಯ ದಾರಿಯಲ್ಲೇ ಬಿಸಾಡುವುದು ಹೇಗೆ ಸಾಧ್ಯವೋ. ನಾಲ್ಕನೆಯವಳು ಅದಕ್ಕೇ ಒಂದು ಖಾಲಿ ಚೀಲ ಹಿಡಿದು ಸಿಕ್ಕಿದ್ದನ್ನು ಹೆಕ್ಕುತ್ತಾ ಬಂದಳು. ಅವಳಿಗೆ ಯಾರೂ ಹೇಳಿರಲಿಲ್ಲ.

ಬಗ್ಗಿ ಅರಿಶಿನ, ಅದರ ಮೇಲೆ ಅವಳ ಕುಂಕುಮ, ಎದ್ದು ಒಂದು ಹೆಜ್ಜೆ, ಮತ್ತೆ ಬಗ್ಗು. ಮೊದಲ ಇನ್ನೂರು ಮುನ್ನೂರು ಮೆಟ್ಟಿಲು ಕಡಿದು. ಎಷ್ಟೋ ಸಲ ಹತ್ತಿದ ದಾರಿ, ಆದರೆ ನಾನು ನೋಡಿದ್ದು ಮುಂದಿನವರ ಬೆನ್ನನ್ನು ಮಾತ್ರ ಅಂತ ಅವತ್ತು ಗೊತ್ತಾಯಿತು. ಕಲ್ಲಿಗೆ ಇಷ್ಟು ಹತ್ತಿರ ಮುಖ ತಂದಿರಲೇ ಇಲ್ಲ. ಒಂದು ಮೆಟ್ಟಿಲು ಗೇಣುದ್ದ, ಇನ್ನೊಂದು ಮೊಣಕಾಲೆತ್ತರ. ನಡುವೆ ಸವೆದು ಬೋಗುಣಿಯಂತಾದದ್ದು, ಅಂಚು ಮುರಿದದ್ದು, ಹಳೆಯ ಕುಂಕುಮ ಕಲ್ಲಿನ ಬಿರುಕಿಗೆ ಇಳಿದು ಕಪ್ಪಾದದ್ದು. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಮಾಡಿಸಿದ ಮೆಟ್ಟಿಲುಗಳಿವು. ಅದಕ್ಕೂ ಮುಂಚೆ ಜನ ಬಂಡೆ ಪೊದೆಗಳ ನಡುವೆಯೇ ದಾರಿ ಮಾಡಿಕೊಂಡು ಹತ್ತಿರಬೇಕು. ಬೆಟ್ಟದ ಗುಲಾಬಿ ಛಾಯೆಯ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ಅಂತ ಉಪನ್ಯಾಸಕಿ ಹೇಳಿದಳು, ತನ್ನ ಬೊಟ್ಟಿನ ಸರದಿಗೆ ಬಗ್ಗಿದ್ದಾಗಲೇ.

ನಮ್ಮನ್ನು ದಾಟಿ ಹೋದವರು ಎಷ್ಟೋ ಜನ. ಓಡುವ ಹುಡುಗರು ಬೊಟ್ಟು ತುಳಿಯದ ಹಾಗೆ ಹೆಜ್ಜೆ ಹಾರಿಸಿಕೊಂಡು ಹೋದರು. ದಿನಾ ಹತ್ತುವ ಹಿರಿಯರೊಬ್ಬರು ಟೋಪಿ ತೆಗೆದು ಒಂದು ಗಳಿಗೆ ನಿಂತು, “ಯಾರ ಹರಕೆ ತಾಯಿ?” ಅಂದರು. “ಅಮ್ಮಂದು,” ಅಂದಳು ಇವಳು. ಅವರು ಮತ್ತೇನೂ ಕೇಳದೆ, ತಮ್ಮ ನೀರಿನ ಬಾಟಲಿಯನ್ನು ನಮ್ಮ ಪಕ್ಕ ಇಟ್ಟು ಹತ್ತಿಹೋದರು. ಆ ನೀರಿನಲ್ಲೇ ಎರಡನೇ ಸಲ ಅರಿಶಿನ ಕಲಸಿದ್ದು.

ಮಂಜು ಕರಗಿದ್ದು ಎಂಟು ಗಂಟೆಯ ಹೊತ್ತಿಗೆ. ಸೊಂಟ ಹಿಡಿದುಕೊಂಡು ಹಿಂದೆ ತಿರುಗಿದರೆ ಊರು ಒಂದೊಂದಾಗಿ ಮೇಲೇಳುತ್ತಿತ್ತು: ಲಲಿತಮಹಲಿನ ಬಿಳುಪು, ರೇಸ್ ಕೋರ್ಸಿನ ಉದ್ದನೆಯ ಸುತ್ತು, ಕಾರಂಜಿ ಕೆರೆ, ಅರಮನೆಯ ಗೋಪುರಗಳು, ದೂರದಲ್ಲಿ ಫಿಲೋಮಿನಾ ಚರ್ಚಿನ ಜೋಡಿ ಶಿಖರ. ಬ್ಯಾಂಕಿನ ಗೆಳತಿ ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ಅವಳ ಕಣ್ಣು ಆ ಆಸ್ಪತ್ರೆಯ ಕಟ್ಟಡ ಹುಡುಕುತ್ತಿತ್ತು. ಸಿಕ್ಕಿತು. ಬೆರಳು ತೋರಿಸಿ, ಸುಮ್ಮನೆ ಮತ್ತೆ ಬಗ್ಗಿದಳು.

ನಂದಿಯ ಹತ್ತಿರ ಬರುವಾಗ ಒಂಬತ್ತು ದಾಟಿತ್ತು. ಅದು ಏಳುನೂರನೇ ಮೆಟ್ಟಿಲು ಅನ್ನುತ್ತಾರೆ. ನಾವು ನಾಲ್ವರು ಎಣಿಸಿದ್ದೆವು, ನಾಲ್ಕು ಲೆಕ್ಕ ಬಂತು. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದದ ಆ ನಂದಿ ಒಂದೇ ಬಂಡೆಯದು, ಅದೇ ದೊರೆಯ ಕಾಲದ್ದು. ಕೊರಳಿನ ಗಂಟೆಸರದ ಒಂದೊಂದು ಗಂಟೆಯನ್ನೂ ಬಿಡಿಸಿ ಕೆತ್ತಿದ್ದಾರೆ. ಅಲ್ಲಿ ಕೂತು ಸೌತೆಕಾಯಿ ಹೋಳು, ಉಪ್ಪು ಖಾರ ಹಚ್ಚಿದ್ದು, ತಿಂದೆವು. ಕೋತಿಯೊಂದು ನನ್ನ ಕೈಯ ಹೋಳನ್ನು ಕಿತ್ತುಕೊಂಡು ಹೋಯಿತು. ಬೆಳಗಿನಿಂದ ಮೊದಲ ಸಲ ಅವಳು ನಕ್ಕಳು. “ನಮ್ಮಮ್ಮನಿಗೆ ಕೋತಿ ಅಂದ್ರೆ ಭಯ. ಒಂದ್ಸಲ ಇಲ್ಲೇ, ನಾನು ಚಿಕ್ಕೋಳಿದ್ದಾಗ, ನನ್ನನ್ನ ಇಲ್ಲೇ ಬಿಟ್ಟು ಓಡಿದ್ದಳು ಕಣೇ,” ಅಂತ ಹೇಳುತ್ತಾ ನಗು ಜಾಸ್ತಿಯಾಗಿ, ಆಮೇಲೆ ನಗು ನಿಂತರೂ ಭುಜ ಅಲುಗುತ್ತಲೇ ಇತ್ತು. ನಾವು ಏನೂ ಸಮಾಧಾನ ಹೇಳಲಿಲ್ಲ. ಉಪನ್ಯಾಸಕಿ ಅವಳ ಕಾಲಿಗೆ ಚುಚ್ಚಿಕೊಂಡಿದ್ದ ಕಲ್ಲಿನ ಚೂರನ್ನು ತೆಗೆದಳು, ಅಷ್ಟೇ.

ನಂದಿಯಿಂದ ಮೇಲಿನ ದಾರಿ ಸಲೀಸು. ಕೊನೆಯ ಮೆಟ್ಟಿಲು ಬಂದಾಗ ಹತ್ತು ಗಂಟೆ ಹತ್ತು ನಿಮಿಷ. ನಲವತ್ತು ನಿಮಿಷದ ದಾರಿಗೆ ನಾಲ್ಕು ಗಂಟೆ. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ರಾಜಗೋಪುರದ ಮುಂದೆ ಭಾನುವಾರದ ಸಾಲು ಹಾವಿನಂತೆ ಸುತ್ತಿತ್ತು. ಸಾಲಿನಲ್ಲಿ ನಿಲ್ಲೋಣ ಅಂದೆವು. ಅವಳು ಬೇಡ ಅಂದಳು. ಗೋಪುರದ ಎದುರು ನಿಂತು ಕೈಮುಗಿದು, ಡಬ್ಬಿಯ ತಳದಲ್ಲಿ ಉಳಿದಿದ್ದ ಕುಂಕುಮವನ್ನು ನಮ್ಮ ಮೂವರ ಹಣೆಗೂ ಇಟ್ಟಳು. ತಾನು ಇಟ್ಟುಕೊಳ್ಳುವುದನ್ನು ಮರೆತಳು. ನಾನೇ ಇಟ್ಟೆ.

ಬಸ್ಸಿನಲ್ಲಿ ಇಳಿಯುವಾಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಮನೆಗೆ ಬಂದರೆ ದೋಸೆ ಹಿಟ್ಟು ಹುಳಿಯಾಗಿ ಉಕ್ಕಿ ಕಟ್ಟೆಯ ಮೇಲೆ ಹರಿದಿತ್ತು.

ಅರಿಶಿನ ನಿಮಗೆ ಗೊತ್ತಲ್ಲ, ಒಮ್ಮೆ ಉಗುರಿನ ಸಂದಿಗೆ ಇಳಿದರೆ ಬೇಗ ಬಿಡುವುದಿಲ್ಲ. ಬುಧವಾರ ರಾತ್ರಿ ಅನ್ನ ಕಲಸುವಾಗಲೂ ಬಲಗೈ ಉಂಗುರ ಬೆರಳು ಹಳದಿಯಾಗಿಯೇ ಇತ್ತು. ಅಷ್ಟರಲ್ಲಿ ಫೋನು.

“ನಿನ್ನ ಬೆರಳಲ್ಲಿ ಇನ್ನೂ ಇದೆಯಾ?”

“ಇದೆ ಕಣೇ.”

“ನಂದ್ರಲ್ಲೂ ಇದೆ. ಭಾನುವಾರ ಮತ್ತೆ ಹೋಗೋಣ್ವಾ? ಈ ಸಲ ಬರೀ ಕೈಯಲ್ಲಿ.”